ಹಳದಿ ತಿರುಗಿದ ಕೇಪಳದ ಬೇಲಿ: ಅಗೆದು, ಕಿತ್ತು, ಮತ್ತೆ ನೆಟ್ಟಿದ್ದು

ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂಬತ್ತು ಮೀಟರ್ ಜಾಗ. ಅಲ್ಲಿ 18 ಕೇಪಳದ ಗಿಡ. ನರ್ಸರಿಯವರ ಬಾಯಲ್ಲಿ ಇದು ಇಕ್ಸೋರಾ. ನೆಟ್ಟು ಒಂದೂವರೆ ವರ್ಷ ಆಗಿತ್ತು. ವರ್ಷವಿಡೀ ಹಸಿರಾಗಿ ನಿಂತು ಗೋಡೆ ಮುಚ್ಚಲಿ, ಕೆಂಪು ಗೊಂಚಲು ಬಿಡಲಿ ಅಂತ ನನ್ನ ಆಸೆ. ಆದದ್ದೇ ಬೇರೆ. ನಾಲ್ಕು ಗಿಡ ಸತ್ತವು. ಎಂಟು ಗಿಡ ಹಳದಿಯಾಗಿ ಮೊಣಕಾಲೆತ್ತರಕ್ಕೇ ನಿಂತುಬಿಟ್ಟವು. ಬಲತುದಿಯ ಆರು ಮಾತ್ರ ತಮಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಸೊಂಪಾಗಿ ಬೆಳೆದು ಹೂ ಬಿಡುತ್ತಿದ್ದವು.

ಆ ಆರು ಗಿಡಗಳನ್ನು ನೋಡಿಯೇ ನನಗೆ ಹೊಳೆಯಬೇಕಿತ್ತು. ಒಂದೇ ದಿನ ತಂದಿದ್ದು, ಒಂದೇ ಪೈಪಿನ ನೀರು, ಒಂದೇ ಬಿಸಿಲು. ಹಾಗಾದರೆ ವ್ಯತ್ಯಾಸ ಇರೋದು ನೆಲದಲ್ಲೇ ತಾನೇ? ನಾನು ಮಾತ್ರ ಎಲೆ ನೋಡಿಕೊಂಡು ಕೂತೆ. ಎಲೆ ಹಳದಿಯಾಗಿದೆ ಅಂದ ತಕ್ಷಣ ಯೂರಿಯಾ ಹಾಕಿದೆ. ಹದಿನೈದು ದಿನದಲ್ಲಿ ಭರ್ತಿ ಚಿಗುರು ಬಂತು. ಖುಷಿಯಾಯಿತು. ಆ ಚಿಗುರು ಮೊದಲಿನದಕ್ಕಿಂತ ಹೆಚ್ಚು ಹಳದಿ! ಆಮೇಲೆ ಮೆಗ್ನೀಸಿಯಂ ಸಲ್ಫೇಟ್ ಹಾಕಿದೆ. ಏನೂ ಆಗಲಿಲ್ಲ. ಬಾಯಾರಿಕೆ ಇರಬಹುದು ಅಂತ ನೀರು ಜಾಸ್ತಿ ಮಾಡಿದೆ. ಆಗಲೇ ಆ ನಾಲ್ಕು ಸತ್ತಿದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿತ್ಯಹಸಿರು ಗಿಡ ಅಂದರೆ ಎಲೆ ಉದುರುವುದೇ ಇಲ್ಲ ಅಂತ ಅಲ್ಲ. ಒಂದೊಂದು ಎಲೆಗೂ ಒಂದು ಆಯಸ್ಸು ಇರುತ್ತದೆ. ಎಲ್ಲವೂ ಒಟ್ಟಿಗೆ ಉದುರದೆ ಸ್ವಲ್ಪ ಸ್ವಲ್ಪವೇ ಉದುರುತ್ತವೆ, ಅಷ್ಟೇ. ಗಿಡದ ಒಳಗಡೆ, ಕೊಂಬೆಯ ಕೆಳಗಡೆ ಹಳೆ ಎಲೆ ಹಳದಿಯಾಗಿ ಬಿದ್ದರೆ ಗಾಬರಿ ಬೇಡ. ನನ್ನ ಗಿಡಗಳಲ್ಲಿ ಹಳದಿಯಾಗಿದ್ದು ತುದಿಯ ಹೊಸ ಎಲೆ. ಅದೂ ಹೇಗೆ? ಎಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು, ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಬಲೆ ಹೆಣೆದ ಹಾಗೆ. ಇದು ಕಬ್ಬಿಣದ ಕೊರತೆಯ ಗುರುತು. ಗಿಡ ಮೆಗ್ನೀಸಿಯಂ ಅನ್ನು ಹಳೆ ಎಲೆಯಿಂದ ಎಳೆದು ಹೊಸ ಎಲೆಗೆ ಸಾಗಿಸುತ್ತದೆ, ಹಾಗಾಗಿ ಅದರ ಕೊರತೆ ಹಳೆ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ. ಅದಕ್ಕೇ ಚಿಗುರು ಹಳದಿ. ಇದು ಮೊದಲೇ ಗೊತ್ತಿದ್ದಿದ್ದರೆ ಎರಡು ಚೀಲ ಗೊಬ್ಬರ ಉಳಿಯುತ್ತಿತ್ತು.

ಮೊದಲ ವಾರ: ನೆಲ ನೋಡಿದ್ದು

ಪಿಕಾಸಿ ತೆಗೆದುಕೊಂಡು ಸತ್ತ ಗಿಡದ ಜಾಗದಲ್ಲಿ ಅಗೆದೆ. ಮೇಲಿನ ಒಂದು ಗೇಣು ಒಳ್ಳೆ ಮಣ್ಣು, ನಾನೇ ಹಾಕಿಸಿದ್ದು. ಅದರ ಕೆಳಗೆ ಪಿಕಾಸಿ ಟಣ್ ಅಂತ ಸದ್ದು ಮಾಡಿತು. ಕಲ್ಲು ಅಂದುಕೊಂಡೆ. ಪಕ್ಕಕ್ಕೆ ಸರಿದು ಅಗೆದರೆ ಅಲ್ಲೂ ಟಣ್. ಕೈಯಲ್ಲಿ ಮಣ್ಣು ಸರಿಸಿ ನೋಡಿದರೆ ಬೂದು ಬಣ್ಣದ ಒಂದು ಹಪ್ಪಳೆ, ಎರಡು ಬೆರಳು ದಪ್ಪ. ಗೋಡೆ ಕಟ್ಟಿದವರು ದಿನಾ ಸಂಜೆ ಬಾಂಡಲಿ, ಕರಣೆ ತೊಳೆದ ಸಿಮೆಂಟ್ ನೀರನ್ನು ಅಲ್ಲೇ ಚೆಲ್ಲಿದ್ದಾರೆ. ಉಳಿದ ಗಾರೆಯನ್ನೂ ಅಲ್ಲೇ ಸುರಿದಿದ್ದಾರೆ. ಮೇಲೆ ಮಣ್ಣು ಎಳೆದು ಚೆಂದ ಮಾಡಿ ಹೋಗಿದ್ದಾರೆ.

ಮಣ್ಣಿನ ಒಂದು ಹೆಂಟೆ ತೆಗೆದು ತಟ್ಟೆಯಲ್ಲಿಟ್ಟು ನಾಲ್ಕು ಹನಿ ವಿನೆಗರ್ ಬಿಟ್ಟೆ. ಬುಸುಬುಸು ನೊರೆ ಬಂತು. ಕಿವಿ ಹತ್ತಿರ ಒಯ್ದರೆ ಚುರುಚುರು ಸದ್ದು ಕೂಡ ಕೇಳಿಸಿತು. ಬಲತುದಿಯ, ಆ ಸೊಂಪಾದ ಗಿಡಗಳ ಬುಡದ ಮಣ್ಣಿಗೂ ಹಾಗೇ ಬಿಟ್ಟೆ. ಹನಿ ಸುಮ್ನೆ ಇಂಗಿತು, ನೊರೆ ಇಲ್ಲ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ವಿನೆಗರ್ ಹಾಕಿದಾಗ ನೊರೆ ಬಂದರೆ ಮಣ್ಣಲ್ಲಿ ಸುಣ್ಣ ಇದೆ ಎಂದರ್ಥ.

ಆಮೇಲೆ ಮಣ್ಣು ಎಷ್ಟು ಹುಳಿ ಅಂತ ತೋರಿಸುವ ಪಿಎಚ್ ಪಟ್ಟಿ ತಂದು ನೋಡಿದೆ. 7ಕ್ಕಿಂತ ಕಡಿಮೆ ಬಂದರೆ ಹುಳಿ, ಹೆಚ್ಚು ಬಂದರೆ ಕ್ಷಾರ. ಮಣ್ಣು ಮತ್ತು ಬಟ್ಟಿ ಇಳಿಸಿದ ನೀರು ಸಮ ಪ್ರಮಾಣದಲ್ಲಿ ಕಲಕಿ, ಅರ್ಧ ಗಂಟೆ ಬಿಟ್ಟು, ಮೇಲೆ ತಿಳಿಯಾದ ನೀರಿಗೆ ಪಟ್ಟಿ ಅದ್ದಿದೆ. ಗೋಡೆಯ ಎಡಭಾಗದಲ್ಲಿ 8ರ ಮೇಲೆ. ಬಲತುದಿಯಲ್ಲಿ 6ರ ಆಸುಪಾಸು. ಅಂಗಳದ ಆಚೆ ಬದಿಯ ಕಾಲುದಾರಿಯ ಪಕ್ಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕೇಪಳ ಹುಳಿ ಮಣ್ಣಿನ ಗಿಡ, 5ರಿಂದ 6ರ ಒಳಗಿದ್ದರೆ ಅದಕ್ಕೆ ಸುಖ. 8ರಲ್ಲಿ ಮಣ್ಣು ತುಂಬ ಕಬ್ಬಿಣ ಇದ್ದರೂ ಅದು ಬೇರಿಗೆ ಎಟುಕದ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

ಇನ್ನರ್ಧ ಉತ್ತರಕ್ಕೆ ನೀರು ಇಂಗುವ ಪರೀಕ್ಷೆ ಮಾಡಿದೆ. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಪೂರ್ತಿ ಇಂಗಲು ಬಿಡಬೇಕು. ಮೊದಲ ಸಲದ ಲೆಕ್ಕ ಬೇಡ, ಒಣಮಣ್ಣು ಹೇಗೂ ಕುಡಿದುಬಿಡುತ್ತದೆ. ಎರಡನೇ ಸಲ ತುಂಬಿಸಿ, ಅಡ್ಡಲಾಗಿ ಒಂದು ಕೋಲಿಟ್ಟು, ಗಂಟೆಗೆ ಎಷ್ಟು ಇಳಿಯಿತು ಅಂತ ಅಳೆಯಬೇಕು. ಕಾಲುದಾರಿಯ ಪಕ್ಕ ಗಂಟೆಗೆ ನಾಲ್ಕು ಸೆಂಟಿಮೀಟರ್ ಇಳಿಯಿತು. ಒಳ್ಳೆಯದೇ. ಗೋಡೆಯ ಎಡಭಾಗದಲ್ಲಿ ಒಂದು ಸೆಂಟಿಮೀಟರ್ ಕೂಡ ಇಳಿಯಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೋದರೆ ತಳದಲ್ಲಿ ಇನ್ನೂ ನೀರು, ಅದರಲ್ಲೊಂದು ಕಪ್ಪೆ. ಅಂದರೆ ನಾನು ಕೊಟ್ಟ ಹೆಚ್ಚಿನ ನೀರೆಲ್ಲ ಆ ಹಪ್ಪಳೆಯ ಮೇಲೆ ನಿಂತು ಬೇರು ಕೊಳೆಯಿಸಿದೆ.

ಎರಡನೇ ವಾರ: ಎಲೆಯ ಮೇಲೊಂದು ಪರೀಕ್ಷೆ

ಕಬ್ಬಿಣವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳೋಣ ಅನ್ನಿಸಿತು. ಅನ್ನಭೇದಿ ಅಂತಾರಲ್ಲ, ಆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಸಿಡ್ 1 ಗ್ರಾಂ, ಒಂದು ಲೀಟರ್ ನೀರಿಗೆ. ಸಂಜೆ ಹೊತ್ತು ಒಂದೇ ಗಿಡದ ಮೂರು ಕೊಂಬೆಗೆ ಮಾತ್ರ ಸಿಂಪಡಿಸಿದೆ. ಹತ್ತು ದಿನ ಬಿಟ್ಟು ನೋಡಿದರೆ ಹಳದಿ ಎಲೆಯ ಮೇಲೆ ಹಸಿರು ಚುಕ್ಕೆಗಳು! ಎಲ್ಲೆಲ್ಲಿ ಹನಿ ಕೂತಿತ್ತೋ ಅಲ್ಲಲ್ಲಿ ಮಾತ್ರ ಹಸಿರು, ಪಕ್ಕದ ಕೊಂಬೆ ಹಾಗೇ ಹಳದಿ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಆದರೆ ಇದೇ ಔಷಧ ಅಂತ ನಂಬಿಕೊಳ್ಳಬೇಡಿ. ಆಮೇಲೆ ಬರುವ ಚಿಗುರು ಮತ್ತೆ ಹಳದಿಯೇ.

ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡದೆ ಸಿಂಪಡಿಸಿದ್ದಕ್ಕೆ ಬಿಳಿ ಗೋಡೆಯ ಮೇಲೆ ತುಕ್ಕು ಬಣ್ಣದ ಚಿತ್ತಾರ ಮೂಡಿದೆ. ತಿಕ್ಕಿದರೂ ಹೋಗಲಿಲ್ಲ. ಬೇಲಿ ಬೆಳೆದು ಅದನ್ನು ಮುಚ್ಚಬೇಕು ಅಷ್ಟೇ.

ಲೆಕ್ಕಾಚಾರ

ಕೆಟ್ಟ ಭಾಗ ಆರು ಮೀಟರ್. ಅಲ್ಲಿಯ ಮಣ್ಣನ್ನೇ ಸರಿ ಮಾಡಿದರೆ ಆಗದೇ? ಲೆಕ್ಕ ಹಾಕಿದೆ. ಆರು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಅರ್ಧ ಮೀಟರ್ ಆಳ ಅಂದರೆ 1.8 ಘನ ಮೀಟರ್, ಎರಡೂವರೆ ಟನ್ ಹತ್ತಿರದ ಮಣ್ಣು. ಅದರಲ್ಲಿ ಸುಣ್ಣ ನೂರಕ್ಕೆ ಒಂದು ಪಾಲು ಅಂತ ಇಟ್ಟುಕೊಂಡರೂ 25 ಕಿಲೋ. ಒಂದು ಕಿಲೋ ಸುಣ್ಣ ಕರಗಿಸಲು 320 ಗ್ರಾಂ ಗಂಧಕ ಬೇಕು, ಅಂದರೆ ಒಟ್ಟು ಎಂಟು ಕಿಲೋ. ಗಂಧಕವನ್ನು ಹುಳಿಯಾಗಿ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಗೋಡೆಯ ಪಾಯದಿಂದ ಇನ್ನಷ್ಟು ಸುಣ್ಣ ಇಳಿದು ಬರುತ್ತಿರುತ್ತದೆ. ಗೆಲ್ಲುವ ಆಟ ಅಲ್ಲ ಇದು. ಗಿಡಕ್ಕೆ ತಕ್ಕ ಮಣ್ಣು ಮಾಡುವ ಬದಲು ಮಣ್ಣಿಗೆ ತಕ್ಕ ಗಿಡ ನೆಡೋದು ಅಂತ ತೀರ್ಮಾನಿಸಿದೆ.

ಯಾವ ಗಿಡ? ಕಾಮಿನಿ ನನ್ನ ಇಷ್ಟದ್ದು, ಸುವಾಸನೆ, ಕತ್ತರಿಸಿದಷ್ಟೂ ದಟ್ಟ. ಆದರೆ ಹಿತ್ತಲಲ್ಲಿ ನಿಂಬೆ ಗಿಡ ಇದೆ. ನಿಂಬೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಅನ್ನುವ ಪುಟ್ಟ ಕೀಟಕ್ಕೆ ಕಾಮಿನಿಯ ಚಿಗುರು ಅಂದರೆ ಪ್ರಾಣ. ಬೇಡ. ಬೆಂಜಮಿನಾ ಫೈಕಸ್ ಚೆಂದವೇ, ಆದರೆ ಅದೂ ಆಲದ ಬಳಗದ್ದೇ. ಗೋಡೆಯ ಪಕ್ಕ ಅದನ್ನು ನೆಡೋದು ಅಂದರೆ ಗೋಡೆಯ ಆಸೆ ಬಿಟ್ಟ ಹಾಗೆ. ಥೂಜಾ ಹಿಂದೊಮ್ಮೆ ಬೆಳೆಸಿದ್ದೆ. ಒಳಗಿನ ಕಂದು ಕಟ್ಟಿಗೆವರೆಗೆ ಕತ್ತರಿಸಿಬಿಟ್ಟರೆ ಅದು ಮತ್ತೆ ಚಿಗುರುವುದಿಲ್ಲ, ತೂತು ತೂತಾಗಿಯೇ ಉಳಿಯುತ್ತದೆ. ಆ ಪಾಠ ಸಾಕು.

ಕೊನೆಗೆ ಕಣಗಿಲೆ. ಸುಣ್ಣದ ಮಣ್ಣು, ಬಿಸಿಲು, ಒಣಹವೆ ಎಲ್ಲವನ್ನೂ ತಡೆಯುತ್ತದೆ. ಎಷ್ಟು ಬೋಳಿಸಿದರೂ ಬುಡದಿಂದ ಎದ್ದು ಬರುತ್ತದೆ. ಒಂದೇ ತೊಂದರೆ ಅಂದರೆ ಅದರ ಬೇರಿನಿಂದ ಹೂವಿನವರೆಗೆ ಎಲ್ಲವೂ ವಿಷ, ಹೃದಯಕ್ಕೇ ಹೊಡೆಯುವ ವಿಷ. ಬಾಯಿಗೆ ಎಲೆ ಹಾಕುವ ವಯಸ್ಸಿನ ಮಕ್ಕಳು, ಎಟುಕುವ ಕಡೆ ಕಟ್ಟಿದ ದನ ಆಡು ಇದ್ದರೆ ನೆಡಲೇಬೇಡಿ. ನಮ್ಮಲ್ಲಿ ಇಲ್ಲ. ಆದರೂ ಕತ್ತರಿಸುವಾಗ ಕೈಗವಸು ಹಾಕುತ್ತೇನೆ. ಕಡಿದ ಕೊಂಬೆ ಸುಡುವುದಿಲ್ಲ, ಹೊಗೆಯೂ ಅಪಾಯ.

ಎಂಟು ಹಳದಿ ಕೇಪಳಗಳು ಕಾಲುದಾರಿಯ ಪಕ್ಕಕ್ಕೆ. ಅದೇ ಸಾಲಿನ ತುದಿಗೆ ಒಂದು ಬಕುಳದ ಮರ, ಗೋಡೆಯಿಂದ ನಾಲ್ಕು ಮೀಟರ್ ದೂರಕ್ಕೆ. ಇದು ನಿಧಾನಕ್ಕೆ ಬೆಳೆಯುವ ಮರ. ಪರವಾಗಿಲ್ಲ.

ಮೂರನೇ ವಾರದಿಂದ ಎಂಟನೇ ವಾರ: ಕೀಳುವ ತಯಾರಿ

ಒಂದೂವರೆ ವರ್ಷ ನಿಂತ ಗಿಡವನ್ನು ಒಮ್ಮೆಲೇ ಕಿತ್ತರೆ ಬೇರಿನ ತುದಿಯೆಲ್ಲ ನೆಲದಲ್ಲೇ ಉಳಿಯುತ್ತದೆ. ಹಾಗಾಗಿ ಐದು ವಾರ ಮೊದಲೇ ಬುಡದಿಂದ ಒಂದು ಗೇಣು ದೂರದಲ್ಲಿ ಚೂಪು ಸನಿಕೆಯಿಂದ ಸುತ್ತಲೂ ನೇರಕ್ಕೆ ಚುಚ್ಚಿ ಬೇರು ಕಡಿದೆ. ಕೀಳಲಿಲ್ಲ, ಬರೀ ಕಡಿದೆ. ಆ ವೃತ್ತದ ಒಳಗೆ ಹೊಸ ಬೇರು ಬರಲಿ ಅಂತ. ಮೇಲಿನ ಕೊಂಬೆಗಳನ್ನೂ ಮೂರರಲ್ಲೊಂದು ಪಾಲು ಇಳಿಸಿದೆ.

ಈ ನಡುವೆ ಅಕ್ಕ ಬಂದಿದ್ದಳು. ಗೋಡೆ ಪಕ್ಕ ಸಾಲಾಗಿ ಗುಂಡಿ, ಪಕ್ಕದಲ್ಲಿ ಸಿಮೆಂಟ್ ಹಪ್ಪಳೆಯ ರಾಶಿ. "ಏನೋ ಇದು, ಗಿಡ ನೆಡ್ತಿದೀಯೋ, ಬಾವಿ ತೋಡ್ತಿದೀಯೋ?" ಅಂದಳು. ಹಪ್ಪಳೆ ಒಡೆದು ತೆಗೆಯಲು ನನಗೆ ನಾಲ್ಕು ಭಾನುವಾರ ಹಿಡಿಯಿತು. ಏಳು ಬಾಂಡಲಿ ಚೂರು ಹೊರಗೆ ಹೋಯಿತು. ಸುಣ್ಣ ಇರಲಿ, ಆದರೆ ನೀರು ಇಳಿಯಲೇಬೇಕು. ಕಣಗಿಲೆ ಕೂಡ ನಿಂತ ನೀರಲ್ಲಿ ಸುಖವಾಗಿರುವುದಿಲ್ಲ.

ಒಂಬತ್ತನೇ ವಾರ: ನೆಟ್ಟಿದ್ದು

ಮೋಡ ಕವಿದ ಸಂಜೆ ನೋಡಿ ಕೇಪಳಗಳನ್ನು ಎತ್ತಿದೆ. ಹಿಂದಿನ ದಿನ ನೀರು ಕೊಟ್ಟಿದ್ದರಿಂದ ಮಣ್ಣು ಬೇರಿಗೆ ಅಂಟಿಕೊಂಡೇ ಬಂತು. ಗೋಣಿಚೀಲದ ಮೇಲಿಟ್ಟು ಎಳೆದುಕೊಂಡು ಹೋದೆ. ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್. ಗುಂಡಿಯ ಅಗಲ ಬೇರಿನ ಗಡ್ಡೆಯ ಎರಡೂವರೆ ಪಟ್ಟು, ಆಳ ಮಾತ್ರ ಗಡ್ಡೆಯಷ್ಟೇ. ಆಳ ಜಾಸ್ತಿ ಮಾಡಿ ಕೆಳಗೆ ಸಡಿಲ ಮಣ್ಣು ತುಂಬಿದರೆ ಗಿಡ ಆಮೇಲೆ ಕುಸಿದು ಕುತ್ತಿಗೆವರೆಗೆ ಹೂತುಹೋಗುತ್ತದೆ. ಗುಂಡಿಗೆ ಗೊಬ್ಬರ ಸುರಿಯಲಿಲ್ಲ. ತೆಗೆದ ಮಣ್ಣನ್ನೇ ಮತ್ತೆ ತುಂಬಿದೆ, ಕಳಿತ ಎಲೆಗೊಬ್ಬರ ಮೇಲೆ ಹರಡಿದೆ.

ಬಕುಳದ ಕವರ್ ಬಿಚ್ಚಿದಾಗ ಸಿಕ್ಕಿದ್ದು ದೊಡ್ಡ ಆಶ್ಚರ್ಯ. ಐದಡಿ ಎತ್ತರದ ಸಸಿ, ಎಲೆ ಮಿರಮಿರ ಹೊಳೆಯುತ್ತಿತ್ತು, ನೋಡಿದರೆ ದೋಷವೇ ಇಲ್ಲ. ಮೊದಲು ಬುಡ ಹುಡುಕಿದೆ. ಕಾಂಡ ಅಗಲವಾಗಿ ಬೇರಾಗಿ ಹರಡುವ ಜಾಗ ಇರುತ್ತದಲ್ಲ, ಅದು ಕಾಣಲೇ ಇಲ್ಲ, ಕಂಬ ನೆಟ್ಟ ಹಾಗೆ ನೇರ ಮಣ್ಣಿಗೆ ಇಳಿದಿತ್ತು. ಬೆರಳಲ್ಲಿ ಕೆದಕುತ್ತಾ ಹೋದೆ. ನಾಲ್ಕು ಬೆರಳು ಆಳದಲ್ಲಿ ಮೊದಲ ಬೇರು ಸಿಕ್ಕಿತು. ಕವರ್ ಬದಲಿಸಿದಾಗಲೆಲ್ಲ ಮೇಲೆ ಮೇಲೆ ಮಣ್ಣು ಪೇರಿಸಿದ್ದಾರೆ.

ಪೈಪ್ ಹಿಡಿದು ಮಣ್ಣು ತೊಳೆದೆ. ಕೆಂಪು ನೀರು ಹರಿದು ಹೋದ ಮೇಲೆ ಒಳಗಿನ ಚಿತ್ರ ಕಂಡಿತು. ಕಿರುಬೆರಳು ದಪ್ಪದ ಒಂದು ಬೇರು ಕಾಂಡದ ಸುತ್ತ ಒಂದೂವರೆ ಸುತ್ತು ಹಾಕಿತ್ತು, ಬಾವಿ ಹಗ್ಗ ಸುತ್ತಿಟ್ಟ ಹಾಗೆ. ಮುಟ್ಟಿದರೆ ಗಟ್ಟಿ, ಬಿಡಿಸಲು ಬರುವುದಿಲ್ಲ. ಅದು ಕೂತ ಜಾಗದಲ್ಲಿ ಕಾಂಡದ ಮೇಲೆ ಆಗಲೇ ಸಣ್ಣ ಗೆರೆ ಬಿದ್ದಿತ್ತು. ಹಾಗೇ ನೆಟ್ಟಿದ್ದರೆ ಏನಾಗುತ್ತಿತ್ತು? ನಾಲ್ಕೈದು ವರ್ಷ ಚೆನ್ನಾಗೇ ಬೆಳೆಯುತ್ತಿತ್ತು. ಕಾಂಡ ದಪ್ಪ ಆದ ಹಾಗೆ, ಬೇರೂ ದಪ್ಪ ಆದ ಹಾಗೆ, ಕೊರಳಿಗೆ ಉರುಳು ಬಿಗಿಯುತ್ತಿತ್ತು.

ಕೊಂಬೆ ಕತ್ತರಿಸುವ ಸಿಕೇಚರ್ ಹಿಡಿದು ಐದು ನಿಮಿಷ ಸುಮ್ನೆ ಕೂತೆ. ಅಷ್ಟು ದಪ್ಪ ಬೇರು ಕಡಿಯಲು ಮನಸ್ಸು ಬರುವುದಿಲ್ಲ. ಆಮೇಲೆ ಅದು ಹುಟ್ಟಿದ ಕಡೆಯೇ ಕಡಿದೆ, ಮೂರು ತುಂಡಾಗಿ ಹೊರಗೆ ಬಂತು. ಹೊರಮೈಯಲ್ಲಿ ಕವರಿನ ಆಕಾರಕ್ಕೇ ಸುತ್ತಿದ್ದ ಸಣ್ಣ ಬೇರುಗಳನ್ನು ಗರಗಸದಿಂದ ಸುತ್ತಲೂ ಒಂದು ಬೆರಳು ದಪ್ಪಕ್ಕೆ ಕೆತ್ತಿ ತೆಗೆದೆ. ಉಳಿದವನ್ನು ಬೆರಳಲ್ಲಿ ಹೊರಕ್ಕೆ ಹರಡಿ, ಬುಡದ ಅಗಲ ಭಾಗ ನೆಲಕ್ಕಿಂತ ಒಂದು ಬೆರಳು ಮೇಲೆ ಇರುವ ಹಾಗೆ ನೆಟ್ಟೆ. ಎರಡು ಗೂಟ, ಸಡಿಲವಾಗಿ ಕಟ್ಟಿದ ಬಟ್ಟೆ ಪಟ್ಟಿ. ಗಾಳಿಗೆ ಸ್ವಲ್ಪ ಅಲ್ಲಾಡಬೇಕು, ಇಲ್ಲದಿದ್ದರೆ ಕಾಂಡ ಗಟ್ಟಿಯಾಗುವುದಿಲ್ಲ.

ಕಣಗಿಲೆ ಐದು, 1.2 ಮೀಟರ್‌ಗೆ ಒಂದು, ಗೋಡೆಯಿಂದ 75 ಸೆಂಟಿಮೀಟರ್ ದೂರ. ಅರ್ಧ ದಿನದಲ್ಲಿ ಮುಗಿಯಿತು.

ಎಲ್ಲದಕ್ಕೂ ಒಣ ಎಲೆಯ ಹೊದಿಕೆ, ನಾಲ್ಕು ಬೆರಳು ದಪ್ಪ. ಕಾಂಡದ ಸುತ್ತ ಒಂದು ಅಂಗೈ ಅಗಲ ಖಾಲಿ. ಕಾಂಡಕ್ಕೇ ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ.

ಹತ್ತರಿಂದ ಹದಿನಾರನೇ ವಾರ

ಬಕುಳ ಎಲೆ ಉದುರಿಸಿತು. ಹತ್ತು ದಿನದಲ್ಲಿ ಅರ್ಧ ಬೋಳು. ಕಡಿದ ಬೇರಿಗೆ ತಕ್ಕ ಹಾಗೆ ಎಲೆ ಇಳಿಸಿಕೊಳ್ಳುತ್ತಿದೆ ಅಂತ ಗೊತ್ತಿದ್ದರೂ ರಾತ್ರಿ ಒಂದು ಸಲ ಟಾರ್ಚ್ ಹಿಡಿದು ಹೋಗಿ ನೋಡಿದ್ದುಂಟು. ಕೊಂಬೆಯ ತೊಗಟೆಯನ್ನು ಉಗುರಲ್ಲಿ ಗೀರಿದೆ. ಒಳಗೆ ಹಸಿರಿತ್ತು. ನೆರಳು ಬಲೆ ಕಟ್ಟಿ ಬಿಟ್ಟೆ. ನೆಟ್ಟ ಆರನೇ ವಾರಕ್ಕೆ ಚಿಗುರಿನ ಕಣ್ಣುಗಳು ಉಬ್ಬಿದವು.

ಕಣಗಿಲೆಗೆ ನೀರು ಕೊಡುವಾಗ ಒಂದು ತಪ್ಪು ಮಾಡಿದೆ. ಸುತ್ತ ಮಣ್ಣು ಒದ್ದೆ ಇದೆಯಲ್ಲ ಅಂತ ಸುಮ್ಮನಿದ್ದೆ. ಒಂದು ಗಿಡ ಬಾಡಿತು. ಬೆರಳು ತೂರಿಸಿ ನೋಡಿದರೆ ಕವರಿನಿಂದ ಬಂದ ತೆಂಗಿನ ನಾರಿನ ಗಡ್ಡೆ ಒಣಗಿ ಹೋಗಿದೆ, ಸುತ್ತ ಮಾತ್ರ ಒದ್ದೆ. ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಬೇಗ ಹೀರುವುದಿಲ್ಲ, ಬದಿಯಿಂದ ಹರಿದುಹೋಗುತ್ತದೆ. ಅಂದಿನಿಂದ ಬುಡದ ಗಡ್ಡೆಯ ಮೇಲೇ ನಿಧಾನಕ್ಕೆ ನೀರು ಬಿಡುತ್ತೇನೆ.

ಕೇಪಳದ ಚಿಗುರಲ್ಲಿ ಹಿಟ್ಟು ತಿಗಣೆ ಬಂತು. ಇರುವೆಗಳ ಸಾಲು ನೋಡಿ ಗೊತ್ತಾಯಿತು. ತಿಗಣೆ ಸುರಿಸುವ ಸಿಹಿಗೆ ಇರುವೆ ಕಾವಲು ನಿಲ್ಲುತ್ತದೆ. ಮೆದು ಸೋಪು ಲೀಟರ್‌ಗೆ 5 ಮಿಲಿಲೀಟರ್, ಬಿಸಿಲು ಇಳಿದ ಮೇಲೆ, ಎಲೆಯ ಹಿಂಭಾಗಕ್ಕೆ. ಮೂರು ಸಲಕ್ಕೆ ಹೋಯಿತು.

ಇಪ್ಪತ್ತಾರನೇ ವಾರ

ಎಂಟು ಕೇಪಳದಲ್ಲಿ ಆರು ಉಳಿದಿವೆ. ಹಳೆಯ ಹಳದಿ ಎಲೆ ಹಳದಿಯಾಗಿಯೇ ಉದುರಿದವು, ಅವು ಹಸಿರಾಗಲಿಲ್ಲ. ಹೊಸ ಎಲೆ ಮಾತ್ರ ಕಡುಹಸಿರು. ಐದರಲ್ಲಿ ಮೊದಲ ಗೊಂಚಲು ಬಂದಿದೆ. ಇವನ್ನು ದೊಡ್ಡ ಕತ್ತರಿಯಿಂದ ಪೆಟ್ಟಿಗೆಯ ಹಾಗೆ ಸವರುವುದಿಲ್ಲ ಅಂತ ನಿರ್ಧರಿಸಿದ್ದೇನೆ. ಕೇಪಳ ಹೂ ಬಿಡುವುದು ಕುಡಿಯ ತುದಿಯಲ್ಲಿ. ಸವರಿದಾಗಲೆಲ್ಲ ಹೂವನ್ನೇ ಕತ್ತರಿಸಿದ ಹಾಗೆ. ಒಂದು ಸುತ್ತು ಹೂ ಮುಗಿದ ಮೇಲೆ ಕೈಯಿಂದ ಒಂದೊಂದೇ ಕೊಂಬೆ ಇಳಿಸುತ್ತೇನೆ. ಬುಡ ಅಗಲ, ತಲೆ ಕಿರಿದು ಇರಬೇಕು. ತಲೆ ಅಗಲವಾದರೆ ಕೆಳಗೆ ಬೆಳಕು ಬೀಳದೆ ಕಾಲು ಬೋಳಾಗುತ್ತದೆ.

ಸತ್ತ ಎರಡರ ಜಾಗಕ್ಕೆ ಬಲತುದಿಯ ಒಳ್ಳೆ ಗಿಡಗಳಿಂದ ಕಡ್ಡಿ ತೆಗೆದು ಇಟ್ಟಿದ್ದೆ. ಅರೆಬಲಿತ ಕೊಂಬೆ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಗಿಣ್ಣಿನ ಕೆಳಗೇ ಕತ್ತರಿಸಿದ್ದು. ಕೆಳಗಿನ ಎಲೆ ತೆಗೆದು, ಮೇಲಿನ ಎಲೆ ಅರ್ಧ ಮಾಡಿ, ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿ. ಹತ್ತರಲ್ಲಿ ಆರು ಬೇರು ಬಿಟ್ಟಿವೆ. ಮೆಲ್ಲಗೆ ಎಳೆದರೆ ತಡೆ ಸಿಗುತ್ತದೆ.

ಬಕುಳದ ಗೂಟ ಇವತ್ತು ತೆಗೆದೆ. ತಾನಾಗೇ ನಿಂತಿದೆ. ಕಣಗಿಲೆ ಐದೂ ಸೊಂಟದೆತ್ತರ ಬಂದಿವೆ, ತುಕ್ಕಿನ ಚಿತ್ತಾರ ಅರ್ಧ ಮುಚ್ಚಿದೆ. ಬಲತುದಿಯ ಆರು ಕೇಪಳಗಳಲ್ಲಿ ಕಣಗಿಲೆಗೆ ಹತ್ತಿರದ್ದು ಈಗ ಚಿಗುರಲ್ಲಿ ಸ್ವಲ್ಪ ಹಳದಿ ತೋರಿಸುತ್ತಿದೆ. ಅದರ ಪಕ್ಕದ ಮಣ್ಣಿಗೆ ನಿನ್ನೆ ವಿನೆಗರ್ ಬಿಟ್ಟೆ. ನೊರೆ ಬಂತು. ಪಿಕಾಸಿಗೆ ಹೊಸ ಹಿಡಿ ಹಾಕಿಸಬೇಕು, ಹಳೆಯದು ಹಪ್ಪಳೆ ಒಡೆಯುವಾಗಲೇ ಸೀಳಿದೆ.